ಮುಂದಿನ ಚಕ್ರದ ಮೌಲ್ಯಮಾಪನ

“ಇನ್ನು ಮೇಲೆ ಈ ಮನೆ ಗಾಡಿಗೆ ಮೆಕ್ಯಾನಿಕ್ ಕೈ ಹಚ್ಚೋ ಹಾಗಿಲ್ಲ,” ಎಂದು ಮೇಷ್ಟ್ರು ಭಾನುವಾರ ಬೆಳಗ್ಗೆ ಘೋಷಿಸಿದರು. ಸಭೆಯಲ್ಲಿ ಹಾಜರಿದ್ದವರು ಹೆಂಡತಿ ಮತ್ತು ತಾಯಿ. ಚಪ್ಪಾಳೆ ಬರಲಿಲ್ಲ.

ಅಸಲಿಗೆ ಆ ಸ್ಕೂಟರ್ ಹೆಂಡತಿಯದು. ಆಕೆ ಆಸ್ಪತ್ರೆಯಲ್ಲಿ ನರ್ಸ್. ಸೋಮವಾರ ನಸುಕಿಗೇ ಡ್ಯೂಟಿ. ಆ ಹೊತ್ತಿಗೆ ಬಸ್ಸೂ ಇಲ್ಲ. ಬಿಚ್ಚಿದ ಮುಂದಿನ ಚಕ್ರಕ್ಕೆ ಹೊಸ ಟೈರ್ ಹಾಕಿಸಿ ತಂದಾಗಿತ್ತು, ವಾಪಸ್ ಕೂರಿಸುವುದಷ್ಟೇ ಬಾಕಿ. ಇದಕ್ಕೆಂದೇ ಮೇಷ್ಟ್ರು ಶನಿವಾರವೇ ಮೊಳದುದ್ದದ ಟಾರ್ಕ್ ರೆಂಚ್ ಕೊಂಡು ತಂದಿದ್ದರು.

“ಎಷ್ಟು ಬಿಗಿ ಬೇಕೋ ಅಷ್ಟಕ್ಕೆ ಸೆಟ್ ಮಾಡಿದ್ರಾಯ್ತು. ಸಾಕು ಅನ್ನೋವಾಗ ಅದೇ ಟಕ್ ಅನ್ನುತ್ತೆ. ಅಲ್ಲಿಗೆ ನಿಲ್ಲಿಸಬೇಕು.”

“ಸಾಕು ಅಂದ್ರೆ ನಿಲ್ಲಿಸೋ ಜಾಯಮಾನ ನಿಮ್ಮದಲ್ಲವಲ್ಲ,” ಎಂದಳು ಹೆಂಡತಿ.

ಎಷ್ಟಕ್ಕೆ ಸೆಟ್ ಮಾಡಬೇಕು ಎಂಬಲ್ಲಿ ಗೊಂದಲ ಶುರುವಾಯಿತು. ಗಾಡಿಯ ಜೊತೆ ಬಂದ ಕೈಪಿಡಿ ಅರವತ್ತು ಎಂದಿತು. ಫೋನಿನ ವಿಡಿಯೋ ಮೂವತ್ತು ಎಂದಿತು. ಭಾವಮೈದನಿಗೆ ಫೋನ್ ಮಾಡಿದರೆ, “ಇಪ್ಪತ್ತು ದಾಟಿದ್ರೆ ಕೆಟ್ರಿ ಭಾವ,” ಎಂದು ಇಟ್ಟುಬಿಟ್ಟ. ಮೇಷ್ಟ್ರಿಗೆ ತಲೆ ಗಿರ್ರೆಂದಿತು. ಅರವತ್ತೋ, ಮೂವತ್ತೋ, ಇಪ್ಪತ್ತೋ? ಮೂವರೂ ಬಲ್ಲವರೇ, ಯಾರನ್ನು ನಂಬುವುದು?

ಆದರೆ ಮೇಷ್ಟ್ರು ವರ್ಷಗಟ್ಟಲೆ ಉತ್ತರಪತ್ರಿಕೆ ತಿದ್ದಿ ಪಳಗಿದವರು. ಒಂದೇ ಪತ್ರಿಕೆಗೆ ಒಬ್ಬೊಬ್ಬರು ಒಂದೊಂದು ಅಂಕ ಕೊಟ್ಟರೆ ಏನು ಮಾಡುತ್ತಾರೆ? ಸರಾಸರಿ ತೆಗೆಯುತ್ತಾರೆ. ತೆಗೆದರು. ಮೂವತ್ತಾರು ಚಿಲ್ಲರೆ ಬಂತು. ನಲವತ್ತರ ಇಷ್ಟು ಹತ್ತಿರ ಬಂದದ್ದನ್ನು ಕೈಬಿಡುವುದು ಕಟುಕತನವೆನಿಸಿ, ಉದಾರವಾಗಿ ಗ್ರೇಸ್ ಮಾರ್ಕ್ಸ್ ಸೇರಿಸಿ ನಲವತ್ತೇ ಮಾಡಿದರು. ಎಲ್ಲಾ ಬೋಲ್ಟಿಗೂ ಒಂದೇ ನ್ಯಾಯ.

ಚಕ್ರದ ನಡುವಿನ ಆಕ್ಸಲ್ ನಟ್ ಟಕ್ ಎಂದಿತು. ಬ್ರೇಕಿನ ಬೋಲ್ಟುಗಳೂ ಟಕ್ ಎಂದವು. ಕೊನೆಗೆ ಚಕ್ರವನ್ನು ಹಿಡಿದಿರುವ ಫೋರ್ಕಿನ ತುದಿಯ ಸಣ್ಣ ಬೋಲ್ಟು. ಅದು ಎಷ್ಟು ತಿರುವಿದರೂ ಮಾತಾಡಲೊಲ್ಲದು. ಮೇಷ್ಟ್ರು ಹಲ್ಲು ಕಚ್ಚಿ ಇನ್ನೊಂದಿಷ್ಟು ಜಗ್ಗಿದರು. ಟಕ್!

“ಪಾಸ್,” ಎಂದು ಬೆವರು ಒರೆಸಿಕೊಂಡರು.

ಬೋಲ್ಟಿನ ತಲೆ ಉರುಳುತ್ತಾ ಹೋಗಿ ತಾಯಿಯ ಕಾಲ ಬಳಿ ನಿಂತಿತು. ಮುದುಕಿ ಅದನ್ನೆತ್ತಿ ಕಣ್ಣಿನ ಹತ್ತಿರ ಹಿಡಿದರು. “ಇದ್ಯಾಕೋ ಮಗಾ ಹೊರಗೆ ಬಂತು?”

“ಅದು... ಹೆಚ್ಚಿಗೆ ಇತ್ತಮ್ಮ.”

ಹೆಂಡತಿ ಬಾಗಿಲಿಗೆ ಬಂದಳು. “ನಾಳೆ ತಗೊಂಡು ಹೋಗಬಹುದಾ?”

“ಧಾರಾಳವಾಗಿ.”

“ಹಾಗಾದ್ರೆ ಈಗಲೇ ಅತ್ತೇನ ಕೂರಿಸ್ಕೊಂಡು ಒಂದು ಸುತ್ತು ಹೋಗ್ಬನ್ನಿ.”

“ಅಮ್ಮನ್ನಾ? ಬೇಡಪ್ಪ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ?”

ಮಾತು ಬಾಯಿಂದ ಜಾರಿಬಿಟ್ಟಿತ್ತು.

“ಅತ್ತೆಗೆ ಹೆಚ್ಚುಕಮ್ಮಿ, ನನಗೆ ಧಾರಾಳ,” ಎಂದಳು ಹೆಂಡತಿ, ಬಹಳ ಮೆಲ್ಲಗೆ.

ಮೇಷ್ಟ್ರ ಕಣ್ಣ ಮುಂದೆ ನಸುಕಿನ ಖಾಲಿ ರಸ್ತೆ, ಓಡುವ ಗಾಡಿ, ಅಲುಗಾಡುವ ಚಕ್ರ ಎಲ್ಲಾ ಸುಳಿದವು. ನಿಜಕ್ಕೂ ಭಯವಾಯಿತು. ಸರಾಸರಿಯಿಂದ ಹಿಡಿದು ಗ್ರೇಸ್ ಮಾರ್ಕ್ಸ್‌ವರೆಗೆ ಎಲ್ಲವನ್ನೂ ಒಪ್ಪಿಸಿದರು.

ಹೆಂಡತಿ ಕೈಪಿಡಿ ಓದಿದಳು, ವಿಡಿಯೋ ನೋಡಿದಳು, ತಮ್ಮನಿಗೆ ಫೋನ್ ಮಾಡಿದಳು. “ರೀ, ಅರವತ್ತು ಆಕ್ಸಲ್‌ಗೆ. ಮೂವತ್ತು ಬ್ರೇಕಿಗೆ. ಇಪ್ಪತ್ತು ಈ ಸಣ್ಣದಕ್ಕೆ. ನಮ್ಮ ವಾರ್ಡಲ್ಲೂ ಒಬ್ಬೊಬ್ಬರಿಗೆ ಒಂದೊಂದು ಡೋಸು. ನಾನೂ ಸರಾಸರಿ ತೆಗೆದು ಎಲ್ಲರಿಗೂ ಒಂದೇ ಸಮ ಚುಚ್ಚಲಾ?”

ಅಂದರೆ ದೊಡ್ಡದು ಸಡಿಲ, ಸಣ್ಣದು ತುಂಡು. ಮೇಷ್ಟ್ರು ರೆಂಚನ್ನು ಅಂಗಳದ ಮೂಲೆಗೆ ಸರಿಸಿದರು. “ಮೆಕ್ಯಾನಿಕ್ ಅಂಗಡಿ ಇವತ್ತು ಬಾಗಿಲು. ನಾಳೆ ನೀನು ಡ್ಯೂಟಿಗೆ ಹೇಗೆ ಹೋಗ್ತೀಯೇ?”

“ಜೊತೆಗೆ ಕೆಲಸ ಮಾಡೋಳು ತನ್ನ ಗಾಡೀಲಿ ಬಂದು ಕರ್ಕೊಂಡು ಹೋಗ್ತಾಳೆ.”

“ಇಷ್ಟು ಬೇಗ ಯಾವಾಗ ಹೇಳಿದೆ?”

“ನಾನೆಲ್ಲಿ ಹೇಳಿದೆ? ಅತ್ತೆ ಹೇಳಿದ್ದು.”

ಮೇಷ್ಟ್ರು ತಾಯಿಯತ್ತ ತಿರುಗಿದರು.

“ನಿನ್ನೆ ಸಂಜೆನೇ ಅವಳಿಗೆ ಹೇಳಿಟ್ಟೆ ಕಣೋ,” ಎಂದರು ತಾಯಿ. “ನೀನು ಆಗಿನ್ನೂ ಒಂದು ನಟ್ಟೂ ಬಿಗಿದಿರಲಿಲ್ಲ.”