ಪ್ರೂಫ್ ಮೇಷ್ಟ್ರ ಡೀಸೆಲ್ ಕಾರು

ಬಂಕಿನವನ ಜೊತೆ ಹನ್ನೆರಡು ವರ್ಷದ ಸಲುಗೆ ಇಲ್ಲದಿದ್ದರೆ ಪ್ರೂಫ್ ಮೇಷ್ಟ್ರಿಗೆ ಅವತ್ತು ಅಷ್ಟೊಂದು ಫಜೀತಿಯಾಗುತ್ತಿರಲಿಲ್ಲ. "ಫುಲ್ ಟ್ಯಾಂಕ್" ಎಂದು ಹೇಳಿ ಅವರು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಅವನು ಪೈಪು ಸಿಕ್ಕಿಸಿ ಟ್ಯಾಂಕು ತುಂಬಿಸಿಯೇಬಿಟ್ಟಿದ್ದ.

"ಏನು ಹಾಕ್ದೆ?"

"ನಿಮಗೆ ಯಾವಾಗ್ಲೂ ಹಾಕೋದೇ ಸಾರ್. ಪೆಟ್ರೋಲು."

"ಹೊಸದಾಗಿ ತಗೊಂಡಿದ್ದು ಕಣಯ್ಯಾ. ಇದು ಡೀಸೆಲ್ ಗಾಡಿ."

ಮೇಷ್ಟ್ರು ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿದರು. ಅಸಲಿಗೆ ಅವರು ಪಾಠ ಹೇಳುವ ಮೇಷ್ಟ್ರಲ್ಲ, ಮುದ್ರಣಾಲಯದಲ್ಲಿ ಕರಡು ತಿದ್ದುವವರು. ಜೇಬಿನ ಕೆಂಪು ಪೆನ್ನಿನಿಂದ ಮದುವೆ ಪತ್ರಿಕೆ, ಔಷಧದ ಚೀಟಿ, ಹೆಂಡತಿ ಬರೆದ ಸಾಮಾನಿನ ಪಟ್ಟಿ ಎಲ್ಲವನ್ನೂ ತಿದ್ದಿ ಇಡುತ್ತಿದ್ದರು. ಮುದ್ರಣಾಲಯ ಊರಾಚೆಗೆ ಹೋದ ಮೇಲೆ ಸಂಬಳದ ಕಾಲುಭಾಗ ಪೆಟ್ರೋಲಿಗೇ ಹೋಗತೊಡಗಿತು. ಕಾರು ಮಾರಿ ಬಸ್ಸಿನಲ್ಲಿ ಹೋಗಿ ಎಂದರು ಹೆಂಡತಿ. ಮೇಷ್ಟ್ರಿಗೆ ಬಸ್ಸು ಹತ್ತಿದರೆ ತಲೆ ಸುತ್ತಿ ವಾಂತಿಯಾಗುತ್ತದೆ. "ಒಂದು ಸಣ್ಣ ಡೀಸೆಲ್ ಕಾರು ತಗೋತೀನಿ ಕಣೇ. ಖರ್ಚು ಇಳಿಯದಿದ್ರೆ ಸಾಯೋತನಕ ಬಸ್ಸೇ" ಎಂದು ಮಾತು ಕೊಟ್ಟು ಹಳೆಯ ಕಾರನ್ನು ಮಾರಿದ್ದರು.

ನಿವೃತ್ತ ನರ್ಸಮ್ಮನೊಬ್ಬರ ಮನೆಯಲ್ಲಿ ತೀರಿಹೋದ ಯಜಮಾನರ ಕಾರು ನಿಂತಿತ್ತು. ಪರೀಕ್ಷೆಗೆಂದು ಮೇಷ್ಟ್ರು ಪಕ್ಕದ ಮನೆಯ ಇಂಜಿನ್ ಮಾವನನ್ನು ಕರೆದೊಯ್ದರು. ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದ ಮಾವ, ಕಾರು ಗಡಗಡ ಎಂದೊಡನೆ ಕಣ್ಣು ಮುಚ್ಚಿ ಕೇಳಿ, "ಅಪ್ಪಟ ಡೀಸೆಲ್. ನನ್ನ ಗಿರಣಿನೂ ಹೀಗೇ ಮಾತಾಡ್ತಿತ್ತು" ಎಂದು ತೀರ್ಪು ಕೊಟ್ಟರು. ನರ್ಸಮ್ಮ ಕೈಯಲ್ಲೇ ಬರೆದುಕೊಟ್ಟ ಮಾರಾಟ ಪತ್ರದಲ್ಲಿ ಐದು ತಪ್ಪು ತಿದ್ದಿ, ಮೇಷ್ಟ್ರು ಹಿಂದಿನ ಸಂಜೆಯಷ್ಟೇ ಕಾರು ಮನೆಗೆ ತಂದಿದ್ದರು.

ಈಗ ಮುಂದಿನ ಸೀಟಿನಲ್ಲಿದ್ದ ಮಾವ ಬಾಗಿಲು ತೆಗೆದು ಹೊರಗೆ ಹಾರಿದರು. "ಕೀ ಮುಟ್ಬೇಡಿ ಮೇಷ್ಟ್ರೇ. ಸ್ಟಾರ್ಟ್ ಮಾಡಿದ್ರೆ ಇಂಜಿನ್ ಎರಡು ಹೋಳು."

ಬಂಕಿನ ಪಕ್ಕದ ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಬಂದ. "ಮೇಲೊಂದಿಷ್ಟು ಡೀಸೆಲ್ ಹಾಕಿ ಸಾರ್. ಒಳಗೆ ಹೊಂದ್ಕೊಳ್ಳತ್ತೆ."

ಅರ್ಧ ಮುಖಕ್ಕೆ ನೊರೆ ಬಳಿಸಿಕೊಂಡಿದ್ದ ಅವನ ಗಿರಾಕಿ, "ಹೊಂದ್ಕೊಳ್ಳೋಕೆ ಅದೇನು ಅತ್ತೆ ಸೊಸೆನಾ?" ಎಂದ. ಯಾರ ಮಾತು ಕೇಳಬೇಕೋ ತಿಳಿಯದೆ ಮೇಷ್ಟ್ರು ಎಲ್ಲರಿಗೂ ತಲೆಯಾಡಿಸಿದರು.

ಕೊನೆಗೆ ಎಲ್ಲರೂ ಸೇರಿ ಕಾರನ್ನು ಲಾರಿ ಮೆಕ್ಯಾನಿಕ್ಕನ ಶೆಡ್ಡಿನವರೆಗೆ ತಳ್ಳಿದರು. ಅವನು ಗಾಡಿಯಡಿ ನುಸುಳಿ ಟ್ಯಾಂಕಿನ ಪೈಪು ಬಿಚ್ಚಿದ. ಪೆಟ್ರೋಲು ಬಕೆಟ್ಟಿಗೆ ಇಳಿಯತೊಡಗಿತು. "ಇದು ಡೀಸೆಲ್ ಟ್ಯಾಂಕಲ್ಲಿದ್ದ ಪೆಟ್ರೋಲು. ಯಾವುದಕ್ಕೂ ಬರಲ್ಲ" ಎಂದರು ಮಾವ. ಹಾಗೆಂದ ಮಾವನೇ ಮೊದಲ ಕ್ಯಾನು ತುಂಬಿಸಿಕೊಂಡರು. ಗಳಿಗೆಯಲ್ಲಿ ಬೀದಿಯ ಸ್ಕೂಟರುಗಳೆಲ್ಲ ಸಾಲುಗಟ್ಟಿದವು. ಯಾವುದಕ್ಕೂ ಬಾರದ್ದನ್ನು ಹೊಟ್ಟೆತುಂಬ ಕುಡಿದು, ಒಂದೂ ಕೆಮ್ಮದೆ ಹೊರಟುಹೋದವು. ಮೇಷ್ಟ್ರಿಗೆ ಏನೋ ಸರಿಯಿಲ್ಲ ಅನ್ನಿಸಿತು. ಏನೆಂದು ಹೊಳೆಯಲಿಲ್ಲ.

ಮೆಕ್ಯಾನಿಕ್ ಆಲಿಕೆಯಿಟ್ಟು ಡೀಸೆಲ್ ಸುರಿದ. ಕಾರು ಹೊರಟಿತು. ಮೇಷ್ಟ್ರ ಮುಖ ಅರಳಿತು. ಇಪ್ಪತ್ತು ಮಾರು ಹೋಗುವುದರೊಳಗೆ ಅದು ಬಿಕ್ಕಳಿಸಿ, ಬಚ್ಚಲೊಲೆಯ ಹಾಗೆ ಹೊಗೆ ಬಿಟ್ಟು, ನಿಂತೇಬಿಟ್ಟಿತು.

ಆಗ ಮೆಕ್ಯಾನಿಕ್ ಮೊದಲ ಸಲ ಬಾನೆಟ್ ಎತ್ತಿದ. ಬಗ್ಗಿ ನೋಡಿದ, ಮೇಷ್ಟ್ರನ್ನು ನೋಡಿದ, ಮತ್ತೆ ಬಗ್ಗಿದ.

"ಸಾರ್, ಇಲ್ಲಿ ಸ್ಪಾರ್ಕ್ ಪ್ಲಗ್ ಇದೆ."

"ಇದ್ರೇನೀಗ?"

"ಡೀಸೆಲ್ ಇಂಜಿನ್ನಿಗೆ ಅದು ಇರಲ್ಲ. ಇದು ಪೆಟ್ರೋಲ್ ಗಾಡಿ."

"ಮತ್ತೆ ಆ ಶಬ್ದ?" ಎಂದರು ಮಾವ, ಕ್ಯಾನನ್ನು ಬೆನ್ನ ಹಿಂದೆ ಸರಿಸುತ್ತ.

"ಸೈಲೆನ್ಸರ್ ಸಡಿಲ ಆಗಿದೆ ಅಷ್ಟೇ. ತಂತಿ ಕಟ್ಟಿದ್ರೆ ನಿಲ್ಲತ್ತೆ."

ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಇಷ್ಟು ಹೊತ್ತಿಗೆ ಸುದ್ದಿ ಮುಟ್ಟಿ ಹೆಂಡತಿಯೂ ಬಂದು ನಿಂತಿದ್ದರು. ಅವರ ಎದುರೇ ಮೇಷ್ಟ್ರು ನರ್ಸಮ್ಮನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು.

"ಏನಮ್ಮಾ, ಡೀಸೆಲ್ ಅಂತ ಹೇಳಿ ಪೆಟ್ರೋಲ್ ಕಾರು ಕೊಟ್ಟು ಮೋಸ ಮಾಡೋದಾ? ಪತ್ರ ಇದೆ ನನ್ ಹತ್ರ. ಕಾರು ವಾಪಸ್ ತಗೊಳ್ಳಿ."

"ನಾನು ಪತ್ರದಲ್ಲಿ ಪೆಟ್ರೋಲ್ ಅಂತಲೇ ಬರ್ದಿದ್ದೆನಲ್ಲಪ್ಪಾ," ಎಂದರು ನರ್ಸಮ್ಮ ಗಾಬರಿಯಿಂದ. "ನೀವೇ ಕೆಂಪು ಪೆನ್ನಲ್ಲಿ ಅದನ್ನ ಹೊಡೆದು ಡೀಸೆಲ್ ಅಂತ ಮಾಡಿದ್ರಿ. ನಮ್ಮನೆಯವರ ಗಾಡಿ ವಿಷಯ ನನಗೇನು ಗೊತ್ತು? ಓದಿದವರು, ತಿಳಿದೇ ತಿದ್ದಿರ್ತೀರಿ ಅಂತ ಸುಮ್ಮನಾದೆ."

ಹೆಂಡತಿ ಕಾರಿನೊಳಗೆ ಕೈಹಾಕಿ ಪತ್ರ ತೆಗೆದು, ಬೆರಳಿಟ್ಟು ಸಾಲು ಸಾಲಾಗಿ ಓದಿದರು. ಐದನೆಯ ತಿದ್ದುಪಡಿಯಲ್ಲಿ ಬೆರಳು ನಿಂತಿತು.

"ಇದರ ಪಕ್ಕ ನಿಮ್ಮ ಸಹಿನೂ ಇದೆಯಲ್ಲ?"

"ತಿದ್ದಿದ ಕಡೆ ತಿದ್ದಿದವರ ಸಹಿ ಇರ್ಬೇಕು," ಎಂದರು ಮೇಷ್ಟ್ರು ಸಣ್ಣ ದನಿಯಲ್ಲಿ. "ಅದು ಪದ್ಧತಿ."

ಹೆಂಡತಿ ಪತ್ರ ಮಡಚಿ ಅವರ ಜೇಬಿಗೆ, ಕೆಂಪು ಪೆನ್ನಿನ ಪಕ್ಕಕ್ಕೆ ಇಟ್ಟರು.

"ಬಸ್ ಸ್ಟಾಪು ಆ ಕಡೆ ಇದೆ," ಎಂದರು.