ಯಾರು ಹೇಳಿದ್ದು, ಯಾವ ಪುಟದಲ್ಲಿ?

ನಮ್ಮ ಅತ್ತಿಗೆಗೆ ಯಾರಾದರೂ "ಮಳೆ ಬರ್ತಾ ಇದೆ" ಅಂದರೆ ಅವರು ಮಹಡಿ ಮೇಲಿನ ಬಟ್ಟೆ ತರಲು ಓಡುವುದಿಲ್ಲ. "ಯಾರು ಹೇಳಿದ್ದು?" ಎಂದು ಕೇಳುತ್ತಾರೆ! ಉತ್ತರ ಸಿಗುವಷ್ಟರಲ್ಲಿ ನಮ್ಮಣ್ಣನ ಅಂಗಿಗಳೆಲ್ಲ ನೆನೆದಿರುತ್ತವೆ.

ಹುಟ್ಟಿನಿಂದಲೇ ಹೀಗಿದ್ದರೇ? ಆಧಾರವಿಲ್ಲದೆ ಹೇಳಲಾರೆ. ದೇವನಹಳ್ಳಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳುತ್ತಿದ್ದವರು ನಲ್ಲೂರಿನ ಹುಣಸೆ ತೋಪಿನ ಮೇಲೆ ಪಿಎಚ್.ಡಿ. ಮಾಡಲು ಹೊರಟ ಮೇಲೆ ವಿಪರೀತವಾಯಿತು. ಲ್ಯಾಪ್‌ಟಾಪಿನಲ್ಲಿ ಎರಡು ತಂತ್ರಾಂಶ ಹಾಕಿಸಿಕೊಂಡರು. ಒಂದು, ಓದಿದ್ದನ್ನೆಲ್ಲ ನೆನಪಿಟ್ಟುಕೊಂಡು ಯಾವ ಮಾತು ಯಾರದು, ಯಾವ ಪುಟದ್ದು ಎಂದು ತಾನೇ ಜೋಡಿಸಿಕೊಡುವಂಥದ್ದು. ಇನ್ನೊಂದು ಅದಕ್ಕಿಂತ ಘಾಟಿ. ಕೋಷ್ಟಕದಲ್ಲಿ ಒಂದು ಮರದ ಸುತ್ತಳತೆ ತಿದ್ದಿ ಗುಂಡಿ ಒತ್ತಿದರೆ ಸಾಕು, ಸರಾಸರಿ, ನಕ್ಷೆ, ನೂರನೇ ಪುಟದ ವಾಕ್ಯ ಎಲ್ಲವೂ ತಾವಾಗಿಯೇ ಬದಲಾಗುತ್ತವೆ.

"ನಾಳೆ ಯಾರೋ ನನ್ನ ಫೈಲ್ ತಗೊಂಡು ಗುಂಡಿ ಒತ್ತಿದ್ರೂ ಇದೇ ಉತ್ತರ ಬರ್ಬೇಕು ಕಣಪ್ಪಾ."

"ಒತ್ತೋರ್ ಯಾರು ಅತ್ತಿಗೆ?"

"ಯಾರೂ ಒತ್ತದೇ ಇದ್ರೂ ಬರ್ಬೇಕು!"

ಈ ನಿಯಮ ಅಡುಗೆಮನೆಗೂ ಬಂತು. ಅಮ್ಮ ಬಸ್ಸಾರಿಗೆ ಉಪ್ಪು ಹಾಕಲು ಕೈ ಎತ್ತಿದರೆ ಅತ್ತಿಗೆ ಅಡ್ಡ ತಕ್ಕಡಿ ಹಿಡಿಯತೊಡಗಿದರು. ಮೂರು ದಿನ, ಮೂರು ತೂಕ. ರುಚಿ ಮಾತ್ರ ಒಂದೇ! ಅತ್ತಿಗೆ ತಲೆ ಮೇಲೆ ಕೈ ಹೊತ್ತು ಕೂತರು. "ಕೈ ನಂದೇ ಅಲ್ವೇನಮ್ಮಾ, ಅದಕ್ಕೆ," ಎಂದು ಅಮ್ಮ ಸಮಾಧಾನ ಹೇಳಿದರು.

ಏರ್‌ಪೋರ್ಟ್ ಬಂದ ಮೇಲೆ ನಮ್ಮ ಕಡೆ ದಿನಕ್ಕೊಂದು ಗಾಳಿಸುದ್ದಿ. ಒಮ್ಮೆ ಪಕ್ಕದ ಮನೆಯವರು ಓಡಿ ಬಂದು, "ನಮ್ಮ ಬೀದಿ ಮೇಲೇ ಆರು ಪಥದ ರಸ್ತೆ ಬರ್ತದಂತೆ!" ಎಂದರು. ಅತ್ತಿಗೆ ಚಪ್ಪಲಿ ಮೆಟ್ಟಿಕೊಂಡು ಮೂಲ ಹುಡುಕಲು ಹೊರಟರು. ಪಕ್ಕದ ಮನೆಯವರಿಗೆ ಹೇಳಿದ್ದು ಹಾಲಿನವನು. ಹಾಲಿನವನಿಗೆ ಟೈಲರ್. ಟೈಲರ್‌ಗೆ ಹೇಳಿದ್ದು? ಪ್ಯಾಂಟಿನ ಅಳತೆ ಕೊಡುತ್ತ ತಮಾಷೆ ಮಾಡಿದ್ದ ನಮ್ಮಣ್ಣ! ಆ ರಾತ್ರಿ ಅಣ್ಣನಿಗೆ ಊಟಕ್ಕಿಂತ ಪ್ರಶ್ನೆಗಳೇ ಹೆಚ್ಚು ಬಡಿಸಲ್ಪಟ್ಟವು.

ಇಂಥವರ ಕೆಲಸದಲ್ಲಿ ನಾನೊಂದು ತಪ್ಪು ಮಾಡಿಬಿಟ್ಟೆ. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ನನ್ನದು. ವಾರದ ರಜೆಯಲ್ಲಿ ಟೇಪು ಹಿಡಿದು ತೋಪಿಗೆ ಹೋಗಿ ಮರ ಅಳೆದು ಬರುವ ಜವಾಬ್ದಾರಿಯನ್ನು ಅತ್ತಿಗೆ ನನಗೆ ವಹಿಸಿದ್ದರು. ಒಂದು ರಜೆಯ ದಿನ ಹೋಗಲಿಲ್ಲ. ನಮ್ಮ ಪ್ಯಾಕಿಂಗ್ ವಿಭಾಗದ ಹುಡುಗಿಯೊಬ್ಬಳನ್ನು ಬೈಕಲ್ಲಿ ಕೂರಿಸಿಕೊಂಡು ಏರ್‌ಪೋರ್ಟ್ ಗೋಡೆ ಪಕ್ಕ ವಿಮಾನ ತೋರಿಸಲು ಹೋಗಿದ್ದೆ. ಸಂಜೆ ನಾಲ್ಕು ಮರಗಳಿಗೆ ನಾಲ್ಕು ಅಂಕಿ ಮನಸ್ಸಿಗೆ ತೋಚಿದಂತೆ ಬರೆದುಕೊಟ್ಟೆ. ಅತ್ತಿಗೆ ಚೀಟಿ ನೋಡಿದರು, ನನ್ನ ಮುಖ ನೋಡಿದರು, ಎತ್ತಿಟ್ಟುಕೊಂಡರು.

ಕೆಲವು ತಿಂಗಳ ನಂತರ ಆ ಹುಡುಗಿಯ ವಿಷಯ ಮನೆಯಲ್ಲಿ ಹೇಳಿದೆ. ಅಮ್ಮ ಮುಖ ಊದಿಸಿಕೊಂಡು, "ಎಂಥವಳೋ ಏನೋ!" ಎಂದರು.

"ಒಳ್ಳೆ ಹುಡುಗಿ ಅತ್ತೆ," ಎಂದರು ಅತ್ತಿಗೆ.

ಅಮ್ಮ ಬಿಟ್ಟಾರೆಯೇ? "ಯಾರು ಹೇಳಿದ್ದು?"

"ನಾನು ಹೇಳ್ತಿದೀನಲ್ಲ, ಸಾಕು."

ನಾನು ಬೆಕ್ಕಸಬೆರಗಾದೆ. ಇವರು ಅವಳನ್ನು ಕಣ್ಣಲ್ಲಿ ಕಂಡವರೇ ಅಲ್ಲ! ಆದರೂ ಅಮ್ಮ ಒಪ್ಪಿದರು, ಮದುವೆಯೂ ಆಯಿತು.

ವರ್ಷಗಳು ಕಳೆದು ಅತ್ತಿಗೆಯ ಪ್ರಬಂಧ ಸಲ್ಲಿಸುವ ದಿನ ಬಂತು. ನನ್ನ ನಾಲ್ಕು ಸುಳ್ಳು ಆ ಗುಂಡಿಯ ಕೃಪೆಯಿಂದ ಪ್ರಬಂಧದ ಎಲ್ಲ ಪುಟಗಳಿಗೂ ಹರಡಿರಬೇಕಲ್ಲ! ಯಾರಾದರೂ ಹೋಗಿ ಮರ ಅಳೆದರೆ ಅತ್ತಿಗೆಯ ಇಷ್ಟು ವರ್ಷದ ಶ್ರಮ, ಮರ್ಯಾದೆ ಎರಡೂ ಮಣ್ಣುಪಾಲು. ತಡೆಯಲಾರದೆ ಹೇಳಿಬಿಟ್ಟೆ. "ಅತ್ತಿಗೆ, ಆ ನಾಲ್ಕು ಮರ ನಾನು ಅಳೆದಿಲ್ಲ. ತಪ್ಪಾಯ್ತು."

ಅವರು ಲ್ಯಾಪ್‌ಟಾಪ್ ತೆರೆದು ಕೋಷ್ಟಕದ ಕೊನೆಯ ಕಾಲಂ ತೋರಿಸಿದರು. ಪ್ರತಿ ಮರದ ಮುಂದೆಯೂ ಅಳೆದವನು ಎಂದು ನನ್ನ ಹೆಸರು. ಆ ನಾಲ್ಕು ಮರಗಳ ಮುಂದೆ ಮಾತ್ರ ಬೇರೆ ಬರೆದಿತ್ತು:

"ಮೈದುನ ಅಳೆದಿಲ್ಲ. ಮರುದಿನ ನಾನೇ ಹೋಗಿ ಅಳೆದೆ. ಅಳೆಯಬೇಕಿದ್ದ ದಿನ ಅವನು ಏರ್‌ಪೋರ್ಟ್ ಗೋಡೆ ಪಕ್ಕ ಒಂದು ಹುಡುಗಿಗೆ ವಿಮಾನ ತೋರಿಸುತ್ತಿದ್ದ. ಹುಡುಗಿ ವಿಮಾನ ನೋಡುತ್ತಿರಲಿಲ್ಲ, ಇವನ ಮುಖವನ್ನೇ ನೋಡುತ್ತಿದ್ದಳು. ಒಳ್ಳೆಯ ಹುಡುಗಿ. ಆಧಾರ: ಬೆಂಗಳೂರಿನಿಂದ ಬರುವಾಗ ಬಸ್ಸಿನ ಕಿಟಕಿಯಿಂದ ಕಂಡದ್ದು."

"ಇದನ್ನೂ ಯೂನಿವರ್ಸಿಟಿಗೆ ಕೊಡ್ತೀರಾ?" ಎಂದೆ.

"ಅವ್ರಿಗೆ ಕೊಡೋದ್ರಲ್ಲಿ ಅಳತೆ ಮಾತ್ರ ಇರುತ್ತೆ. ಇದು ನಮ್ಮನೇದು," ಎಂದವರು ನನ್ನ ಕಡೆ ತಿರುಗಿದರು. "ಅಯ್ಯೋ, ಯಾಕಪ್ಪಾ ಅಳ್ತಿದೀಯ?"

"ಯಾರು ಹೇಳಿದ್ದು?" ಎಂದೆ.