ಕಿಟಕಿಗೊಂದು ರಿಮಾರ್ಕ್ಸ್ ಕಾಲಂ

ಕಿಟಕಿಯ ಹತ್ತಿರ ಕೂತರೆ ನಾನು ಯಾರ ಕೈಗೂ ಸಿಗುವುದಿಲ್ಲ. ಇದು ಮುಪ್ಪಿನ ಕಾಯಿಲೆಯಲ್ಲ, ಬಾಲ್ಯದ್ದು. ಕಾನ್ವೆಂಟಿನ ಪ್ರೋಗ್ರೆಸ್ ಕಾರ್ಡಿನ ಕೊನೆಗೆ ‘ರಿಮಾರ್ಕ್ಸ್’ ಅಂತ ಒಂದು ಸಾಲಿರುತ್ತಿತ್ತು. ಅಲ್ಲಿ ಸಿಸ್ಟರ್ ಪ್ರತಿ ಟರ್ಮಿನಲ್ಲೂ ತಪ್ಪದೆ ‘ಡ್ರೀಮ್ಸ್ ನಿಯರ್ ದ ವಿಂಡೋ’ ಎಂದು ಬರೆಯುತ್ತಿದ್ದರು. ಅದರಿಂದ ಮಾರ್ಕ್ಸ್ ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಆದರೂ ಅಪ್ಪ ಮೊದಲು ಓದುತ್ತಿದ್ದುದು ಅದನ್ನೇ.

ಈಗ ತಮಿಳು ಸೀಮೆಯ ಕಡಲ ದಂಡೆಯಲ್ಲಿ, ರಾಯಪುರಂನ ನಮ್ಮ ಫ್ಲ್ಯಾಟಿನಲ್ಲಿ ನನ್ನ ರೂಮಿನ ಕಿಟಕಿಗೇ ಕುತ್ತು ಬಂದಿತ್ತು. “ಈ ಎ.ಸಿ. ಇಡೀ ದಿನ ಏದುಸಿರು ಬಿಡುತ್ತೆ, ರೂಮು ಮಾತ್ರ ತಣ್ಣಗಾಗಲ್ಲ. ಹಳೇ ಕಿಟಕಿ, ಸಂದೀಲೆಲ್ಲ ಸೋರುತ್ತೆ. ತೆಗೆದು, ತೆರೆಯಕ್ಕಾಗದ ಗಾಜು ಕೂರಿಸಿಬಿಡೋಣಮ್ಮ” ಎಂದ ಮಗ ಶ್ರೀಧರ. ಪರೀಕ್ಷಿಸಿ ಹೇಳುವ ಕೆಲಸ ಅವನ ಮಗಳು ಮೇಘನಾಗೆ ಬಂತು. ಶೋಳಿಂಗನಲ್ಲೂರಿನ ಆಫೀಸಿನಲ್ಲಿ ಅವಳು ಮಾಡುವುದೂ ಅದನ್ನೇ: ಕಟ್ಟಡವನ್ನು ಕಂಪ್ಯೂಟರಿನೊಳಗೆ ಕಟ್ಟಿ, ಅದು ಎಷ್ಟು ಕರೆಂಟು ಕುಡಿಯುತ್ತದೆಂದು ಹೇಳುವುದು.

ಭಾನುವಾರ ಅವಳ ಲ್ಯಾಪ್‌ಟಾಪಿನಲ್ಲಿ ನನ್ನ ರೂಮು ಎದ್ದು ನಿಂತಿತು. ಕಿಟಕಿಯನ್ನು ಒತ್ತಿದರೆ ಅಗಲ, ಎತ್ತರ, ಗಾಜಿನ ದಪ್ಪ. ಇಷ್ಟೇನಾ ನನ್ನ ಕಿಟಕಿ? ನನ್ನ ಮುಖ ನೋಡಿ ಅವಳೇ ಹೇಳಿದಳು: “ನಮ್ಗೆ ಬೇಕಾದ ಫೀಲ್ಡೂ ಸೇರಿಸಬಹುದು ಅಜ್ಜಿ. ಕ್ಯಾಲ್ಕುಲೇಷನ್‌ಗೆ ಬರಲ್ಲ, ಸುಮ್ನೆ ವಿಂಡೋ ಜೊತೆ ಇರುತ್ತೆ.”

“ಅಂದ್ರೆ ರಿಮಾರ್ಕ್ಸ್!”

“ಅದೇ. ಸೊಲ್ಲುಂಗ, ನೀವು ಹೇಳಿದ್ದನ್ನ ಟೈಪ್ ಮಾಡ್ತೀನಿ.”

ಹೇಳುತ್ತಾ ಹೋದೆ. ಶಬ್ದ: ಬಂದರಿನ ಹಡಗು. ವಾಸನೆ: ಬೆಳಿಗ್ಗೆ ಮೀನು, ಸಂಜೆ ಬರೀ ಉಪ್ಪು. ಅತಿಥಿ: ಒಂದು ಕಾಗೆ, ಇಡ್ಲಿಯಾದರೆ ಸರಿ, ಉಪ್ಪಿಟ್ಟಿಗೆ ಮುಖ ತಿರುಗಿಸುತ್ತದೆ. ಗಾಳಿ: ಮಧ್ಯಾಹ್ನ ಮೂರಕ್ಕೆ ಕಡಲಿಂದ ಬರುತ್ತದೆ, ಎ.ಸಿ. ಓಡುತ್ತಿದ್ದರೂ ಮುನಿಸಿಕೊಳ್ಳದೆ ಒಳಗೆ ಬರುತ್ತದೆ, ಪಾಪ. ಆಮೇಲೆ, ನಮ್ಮ ಯಜಮಾನರು ಇದ್ದಾಗ ಸಂಜೆ ಬ್ಯಾಂಕಿನಿಂದ ಬರುತ್ತಾ ಕೆಳಗಿನಿಂದಲೇ ಕೊಡೆ ಎತ್ತಿ ತೋರಿಸುತ್ತಿದ್ದುದು ಈ ಕಿಟಕಿಗೇ. ಮೇಘನಾಳ ಬೆರಳು ನಿಂತಿತು. “ಈ ಫೀಲ್ಡ್‌ಗೆ ಏನು ಹೆಸರು ಹಾಕ್ಲಿ ಅಜ್ಜಿ?”

“ವ್ಯೂ ಅಂತ ಹಾಕು.”

ಸಂಜೆ ರಿಸಲ್ಟ್ ಬಂತು: ಕಿಟಕಿ ಬದಲಾಯಿಸಿ. ಸಾಫ್ಟ್‌ವೇರು ನನ್ನ ಒಂದು ಮಾತಿಗೂ ಕಿವಿಗೊಟ್ಟಿರಲಿಲ್ಲ. ಆದರೆ ಶ್ರೀಧರ, ನನ್ನಪ್ಪನ ಮೊಮ್ಮಗನೇ ಸರಿ, ರಿಸಲ್ಟ್ ಬಿಟ್ಟು ರಿಮಾರ್ಕ್ಸ್ ಓದುತ್ತಾ ಕೂತ. ಕೊಡೆಯ ಸಾಲಿಗೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡ. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಅವನ ಕಣ್ಣು ಒಂದು ಸಾಲು ಮೇಲಕ್ಕೆ ಹೋಯಿತು.

“ಅಮ್ಮಾ, ಎ.ಸಿ. ಹಾಕ್ಕೊಂಡು ಕಿಟಕಿ ತೆಗೀತೀಯಾ?”

“ಅಷ್ಟು ದೂರದಿಂದ ಬಂದ ಗಾಳೀನ ಹೊರಗೆ ನಿಲ್ಲಿಸೋದಾ?”

“ದಿನಾನಾ?”

ನಾನು ಸಮುದ್ರದ ಕಡೆ ನೋಡಿದೆ. “ಅಯ್ಯಯ್ಯೋ ಅಜ್ಜಿ!” ಮೇಘನಾ ತಲೆ ಚಚ್ಚಿಕೊಂಡಳು. “ಎ.ಸಿ. ಅಷ್ಟು ಓಡೋದಕ್ಕೆ ಸಂದಿ ಸೋರೋದೇ ಕಾರಣ ಅಂತ ನಾನೇ ಹಾಕಿದ್ದೆ.” ಲೆಕ್ಕ ತಿದ್ದಿ ಮತ್ತೆ ಓಡಿಸಿದಳು. ಕಿಟಕಿ ನಿರಪರಾಧಿ.

ಹೀಗೆ ಕಿಟಕಿ ಉಳಿಯಿತು. ಎ.ಸಿ. ರಿಮೋಟ್ ಮಾತ್ರ ಶ್ರೀಧರನ ಕಪಾಟು ಸೇರಿತು. ಮೂರಕ್ಕೆ ಗಾಳಿ ಬರುವತನಕ ಬೀಸಣಿಗೆ ಹಿಡಿದು ಕಾಯುತ್ತೇನೆ. ಕಾದು ಸಿಕ್ಕ ಗಾಳಿಗೆ ರುಚಿ ಹೆಚ್ಚು. ಮೊನ್ನೆ ಮೇಘನಾ ಲ್ಯಾಪ್‌ಟಾಪ್ ತೋರಿಸಿದಳು. ಆ ರೂಮಿನಲ್ಲಿ ಈಗ ನಾನೂ ಇದ್ದೇನೆ, ಒಂದು ಬಲ್ಬಿನಷ್ಟು ಶಾಖ ಕೊಡುವ ‘ಆಕ್ಯುಪೆಂಟ್’ ಆಗಿ. ಜೊತೆಗೊಂದು ಫೀಲ್ಡ್, ರಿಮಾರ್ಕ್ಸ್: ‘ಇವರ ಕೈಗೆ ರಿಮೋಟ್ ಕೊಡಬಾರದು.’

ಸಿಸ್ಟರೇ ವಾಸಿ. ಕನಸು ಕಾಣುತ್ತಾಳೆ ಅಂತಷ್ಟೇ ಬರೆದಿದ್ದರು.